ಒಂಬತ್ತನೇ ಪಾಠಕ್ಕೆ ಬಿಳಿ ಹಾಳೆ

ಮೇಷ್ಟ್ರ ಹೆಂಡತಿ ಅದೇ ಶಾಲೆಗೆ ಆಯಮ್ಮನಾಗಿ ಸೇರಿದ ದಿನ ಅವಳನ್ನು ಏನೆಂದು ಕರೆಯಬೇಕೋ ಯಾರಿಗೂ ತಿಳಿಯಲಿಲ್ಲ. ಹದಿನೆಂಟು ವರ್ಷ ಅವಳು ಆ ಶಾಲೆಯವರಿಗೆಲ್ಲ ಅತ್ತಿಗೆ. ಹೆಡ್ ಮೇಡಂ ಮನೆಗೆ ಬಂದರೆ ಸೀದಾ ಅಡುಗೆಮನೆಗೇ ನುಗ್ಗಿ, "ಅತ್ತಿಗೆ, ಚಹಾ ಇದೆಯಾ, ಇಲ್ಲ ನಾನೇ ಇಡಲಾ?" ಎನ್ನುತ್ತಿದ್ದರು. ಈಗ ಅದೇ ಹೆಡ್ ಮೇಡಂ ಮೇಜಿಗೆ ಚಹಾ ತಂದಿಡುವುದು ಅವಳ ಕೆಲಸ. "ಅತ್ತಿಗೆ, ಲೋಟ ತೊಳೀರಿ" ಎನ್ನಲು ಯಾರಿಗೂ ನಾಲಿಗೆ ಹೊರಳಲಿಲ್ಲ. ಎರಡು ದಿನ ಎಲ್ಲರೂ ಕೆಮ್ಮಿ ಕೆಮ್ಮಿ ಕರೆದರು. ಮೂರನೇ ದಿನ ಹೆಡ್ ಮೇಡಂ "ನೋಡಮ್ಮ" ಎಂದರು. ಎಲ್ಲರೂ ಅದನ್ನೇ ಹಿಡಿದುಕೊಂಡರು.

ಮಕ್ಕಳಿಗೆ ಈ ಕಷ್ಟ ಇರಲಿಲ್ಲ. ಎರಡನೇ ವಾರಕ್ಕೇ ಅವಳಿಗೆ ಚಕ್ರಮ್ಮ ಎಂದು ಹೆಸರಿಟ್ಟವು. ಅವಳು ಕೂತದ್ದನ್ನು ಅವು ಒಂದು ದಿನವೂ ಕಂಡಿರಲಿಲ್ಲ. ಬೆಳಗ್ಗೆ ಗುಡಿಸಿದ ವರಾಂಡವನ್ನು ಹನ್ನೊಂದಕ್ಕೆ ಮತ್ತೆ ಗುಡಿಸುತ್ತಿದ್ದಳು. ಒರೆಸಿದ ಬೆಂಚನ್ನೇ ಒರೆಸುತ್ತಿದ್ದಳು. ತುಂಬಿದ ನೀರಿನ ಡ್ರಮ್ಮಿನ ಮುಚ್ಚಳ ತೆಗೆದು ತುಂಬಿದೆಯಾ ಎಂದು ನೋಡುತ್ತಿದ್ದಳು.

ಅವಳು ಮೊದಲಿನಿಂದಲೂ ಓಡಾಟದವಳೇ. ಆದರೆ ಇದು ಆ ಓಡಾಟವಲ್ಲ. ಹತ್ತು ತಿಂಗಳ ಹಿಂದೆ ಒಂದು ಮಂಗಳವಾರ ಮೇಷ್ಟ್ರು ಶಾಲೆಯಿಂದ ಬಂದು, ಅಂಗಿಯ ಒಂದು ತೋಳು ಬಿಚ್ಚಿ, ಮಂಚದ ಮೇಲೆ ಕೂತು, "ನೀರು ಕೊಡೇ" ಎಂದರು. ಅವಳು ತಂದಳು. ತರುವಷ್ಟರಲ್ಲಿ ಮುಗಿದಿತ್ತು. ಅಡುಗೆಮನೆಯಿಂದ ಮಂಚಕ್ಕೆ ಹನ್ನೊಂದು ಹೆಜ್ಜೆ. ಆವತ್ತಿನಿಂದ ಎಲ್ಲಿ ಕೂತರೂ ಯಾರೋ ನೀರು ಕೇಳಿದ ಹಾಗಾಗುತ್ತದೆ. ಎದ್ದುಬಿಡುತ್ತಾಳೆ.

ಮಕ್ಕಳಿರಲಿಲ್ಲ. ಮನೆಯಲ್ಲಿ ಮೇಷ್ಟ್ರ ತಾಯಿ ಇದ್ದರು, ಎಂಬತ್ತರ ಹತ್ತಿರ. ಬಾಯಿ ಮಾತ್ರ ನಲವತ್ತರದ್ದು.

ಕೆಲಸದಲ್ಲಿದ್ದಾಗಲೇ ಸತ್ತವರ ಮನೆಯ ಒಬ್ಬರಿಗೆ ಇಲಾಖೆ ಕೆಲಸ ಕೊಡುತ್ತದೆ. ಓದಿಗೆ ತಕ್ಕ ಕೆಲಸ. ಅವಳ ಓದು ಐದನೇ ಕ್ಲಾಸು, ಅದೂ ಫೇಲು. ಫೇಲಾದದ್ದಕ್ಕೂ ಒಂದು ಕತೆ ಇದೆ. ಅವಳಪ್ಪ ದರ್ಜಿ. ಅವಳು ಏಳನೇ ವಯಸ್ಸಿಗೇ ಗುಂಡಿ ಹೊಲಿಯುತ್ತಿದ್ದಳು. ಐದನೇ ಕ್ಲಾಸಿನ ಪರೀಕ್ಷೆಯಲ್ಲಿ ಒಂದು ಲೆಕ್ಕ ಬಂತು: ಒಂದು ಅಂಗಿಗೆ ಆರು ಗುಂಡಿ ಆದರೆ ಹನ್ನೆರಡು ಅಂಗಿಗೆ ಎಷ್ಟು? ಅವಳು ನೂರ ಎಂಟು ಎಂದು ಬರೆದಳು. ಎದುರುಪಟ್ಟಿಗೆ ಆರು, ಕಾಲರಿಗೆ ಒಂದು, ತೋಳಿಗೆ ಎರಡು, ಒಟ್ಟು ಒಂಬತ್ತು. ಆರು ಗುಂಡಿಯ ಅಂಗಿ ಕೊಟ್ಟರೆ ಗಿರಾಕಿ ಮುಖಕ್ಕೆ ಎಸೆಯುತ್ತಾನೆ. ಅದನ್ನೂ ಬರೆದಳು. ಸೊನ್ನೆ ಬಂತು, ಒಂದು ಏಟೂ ಬಿತ್ತು. ಇನ್ನೆರಡು ಲೆಕ್ಕವೂ ತಪ್ಪಿದ್ದವು, ಅದು ನಿಜವಾಗಿ ತಪ್ಪೇ. "ಸಾಕು ಬಾ, ಇಲ್ಲಿ ಗುಂಡಿ ಬೇಕಾದಷ್ಟಿದೆ" ಎಂದು ಅಪ್ಪ ಕರೆದುಕೊಂಡು ಬಂದ.

ಮದುವೆಯಾದ ವಾರದಲ್ಲಿ ಇದನ್ನು ಮೇಷ್ಟ್ರಿಗೆ ಹೇಳಿದಾಗ ಅವರು ನಗಲಿಲ್ಲ. "ನಿನಗೆ ಪೂರ್ತಿ ಮಾರ್ಕ್ಸ್ ಕೊಡಬೇಕಾಗಿತ್ತು" ಎಂದರು. "ಈಗ ಕೊಟ್ರೆ ಏನು ಬಂತು, ಸೊಪ್ಪು ಬಿಡಿಸಿ ಕೊಡಿ" ಎಂದು ಅವಳು ಹೇಳಿದ್ದಳು. ಅವರು ಬಿಡಿಸಿಕೊಡಲಿಲ್ಲ. ಅವರು ಒಳ್ಳೆಯವರು, ಆದರೆ ಮನೆಕೆಲಸಕ್ಕೆ ಕಲ್ಲು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.

ಒಂಬತ್ತನೇ ಪಾಠ ಹುಟ್ಟಿದ್ದೇ ಆ ಕಲ್ಲುತನದಿಂದ.

ನಾಲ್ಕು ವರ್ಷದ ಹಿಂದೆ ಆಗಿನ ಮಂತ್ರಿ, ಪಾಠ ಮಾಡುವವರೇ ಪುಸ್ತಕ ಬರೆಯಲಿ ಎಂದು ಏಳು ಜನ ಮೇಷ್ಟ್ರುಗಳನ್ನು ಆರಿಸಿದರು. ಅದರಲ್ಲಿ ಇವರೂ ಒಬ್ಬರು. ಪ್ರತಿ ಶನಿವಾರ ಬಸ್ಸು ಹಿಡಿದು ದೊಡ್ಡ ಊರಿಗೆ ಹೋಗಿಬರುತ್ತಿದ್ದರು. ಒಂದು ಭಾನುವಾರ ಬೆಳಗ್ಗೆ ಆರರಿಂದ ಹತ್ತರವರೆಗೆ ನಡುಮನೆಯ ಕುರ್ಚಿಯಲ್ಲಿ ಕೂತು ಹಾಳೆಯ ಮೇಲೆ ಗೀಟು ಎಳೆಯುತ್ತಲೇ ಇದ್ದರು.

"ಏನ್ರೀ ಅದು, ಗೋಡೆ ಕಟ್ತಾ ಇದ್ದೀರಾ?"

"ನೀನು ಎಷ್ಟು ಸಲ ಎದ್ದೆ ಅಂತ ಎಣಿಸ್ತಾ ಇದ್ದೀನಿ. ಅರವತ್ತೊಂದು."

ಅವಳು ಸೌಟು ಹಿಡಿದೇ ಬಾಗಿಲಿಗೆ ಬಂದಳು. "ನಾಲ್ಕು ಗಂಟೆ ಕೂತು ನನ್ನನ್ನ ಎಣಿಸಿದ್ರಲ್ಲ, ಆ ಹೊತ್ತಲ್ಲಿ ನೀವೆಷ್ಟು ಸಲ ಎದ್ರಿ?"

ಅವರು ಹಾಳೆ ನೋಡಿದರು. ಒಂದು ಸಲವೂ ಎದ್ದಿರಲಿಲ್ಲ. ಪೆನ್ಸಿಲ್ ಮೊಂಡಾದಾಗ ಚಾಕು ತಂದುಕೊಟ್ಟವಳೂ ಅವಳೇ. ಅದೂ ಅರವತ್ತೊಂದರಲ್ಲಿ ಸೇರಿತ್ತು. ಕೆಮ್ಮು ಬರುವವರೆಗೂ ನಕ್ಕರು. ಕೆಮ್ಮಿಗೆ ನೀರು ಕೊಟ್ಟದ್ದು ಅರವತ್ತೆರಡು.

ಅದನ್ನೇ ನಾಲ್ಕನೇ ಕ್ಲಾಸಿಗೆ ಪಾಠ ಮಾಡಿದರು. ರಜೆಯ ದಿನ ಮಗು ಮನೆಯಲ್ಲಿ ಕೂರಬೇಕು, ಎಲ್ಲರ ಹೆಸರು ಬರೆದುಕೊಳ್ಳಬೇಕು, ಯಾರು ಎದ್ದರೂ ಅವರ ಹೆಸರಿನ ಮುಂದೆ ಒಂದು ಗೀಟು. ಮಾರನೇ ದಿನ ತರಗತಿಯಲ್ಲಿ ಎಲ್ಲರ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಮಾತಾಡಬೇಕು. ಉತ್ತರ ಒಂದೊಂದು ಮನೆಗೂ ಬೇರೆ. ಸಮಿತಿಯವರು ಮಾದರಿ ಕೊಡಲೇಬೇಕು ಎಂದು ಹಟ ಹಿಡಿದರು. ಮೇಷ್ಟ್ರು ಬೇಡವೆಂದರು, ಆರು ಜನರ ಮುಂದೆ ಒಬ್ಬರ ಮಾತು ನಡೆಯಲಿಲ್ಲ. ಮಾದರಿ ಅಚ್ಚಾಯಿತು: ಅಮ್ಮ ಅರವತ್ತೊಂದು, ಅಜ್ಜಿ ಹನ್ನೆರಡು, ಅಪ್ಪ ಏಳು.

"ಏಳು ಯಾಕೆ ಹಾಕಿದ್ರಿ? ಸೊನ್ನೆ ಅಲ್ವಾ?" ಎಂದು ಅವಳು ಕೇಳಿದಳು.

"ಪುಸ್ತಕದಲ್ಲಾದ್ರೂ ಮರ್ಯಾದೆ ಇರಲಿ ಬಿಡೇ" ಎಂದರು.

ಪುಸ್ತಕ ಬಂದ ಎರಡನೇ ವರ್ಷ ಪರೀಕ್ಷೆಗೆ ಆ ಪಾಠದ ಮೇಲೆ ಪ್ರಶ್ನೆ ಬಂತು. ಎಲ್ಲ ಶಾಲೆಗಳಿಗೂ ಒಂದೇ ಪ್ರಶ್ನೆಪತ್ರಿಕೆ. ತಾಯಿ ಬೆಳಗ್ಗೆ ಎಷ್ಟು ಸಲ ಏಳುತ್ತಾಳೆ? ನಲವತ್ತೊಂದು, ಐವತ್ತೊಂದು, ಅರವತ್ತೊಂದು, ಎಪ್ಪತ್ತೊಂದು. ಸರಿ ಉತ್ತರಕ್ಕೆ ಗುರುತು ಹಾಕಿ. ಸರಿ ಉತ್ತರ ಅರವತ್ತೊಂದು. ಬೇರೆ ಏನು ಹಾಕಿದರೂ ಸೊನ್ನೆ.

ಮೇಷ್ಟ್ರ ಕ್ಲಾಸಿನಲ್ಲಿ ಮೂವತ್ತೆಂಟು ಮಕ್ಕಳು. ಪುಸ್ತಕದ ಸಂಖ್ಯೆ ಮರೆತುಬಿಡಿ, ನಿಮ್ಮ ಮನೆಯದನ್ನು ನೀವು ಎಣಿಸಿ ಎಂದು ಅವರೇ ಹೇಳಿಕೊಟ್ಟಿದ್ದರು. ಇಪ್ಪತ್ತೊಂಬತ್ತು ಮಕ್ಕಳಿಗೆ ಸೊನ್ನೆ ಬಂತು. ಒಂದು ಹುಡುಗಿ ನಾಲ್ಕು ಉತ್ತರವನ್ನೂ ಬಿಟ್ಟು ಅಂಚಿನಲ್ಲಿ ಬರೆದಿತ್ತು: ಅಮ್ಮ 0, ನಾನು 52. ಅದರ ತಾಯಿಗೆ ಸೊಂಟದ ಕೆಳಗೆ ಸ್ವಾಧೀನ ಇರಲಿಲ್ಲ. ಮೇಷ್ಟ್ರು ಆ ಮಗುವಿಗೆ ಪೂರ್ತಿ ಮಾರ್ಕ್ಸ್ ಕೊಟ್ಟರು. ಮೇಲಿನವರು ಹೊಡೆದುಹಾಕಿ ಸೊನ್ನೆ ಮಾಡಿದರು. ಆ ದಿನ ಅವರು ತಟ್ಟೆಯ ಮುಂದೆ ಕೂತು, ತಿನ್ನದೆ, ಕೈ ತೊಳೆದರು.

ಆ ಪ್ರಶ್ನೆಪತ್ರಿಕೆ ತಯಾರಿಸಿದ್ದು ಮಂತ್ರಿಯಲ್ಲ. ತಯಾರಿಸಿದವರು ಮೂವರು, ಮೂವರೂ ಪಾಠ ಮಾಡುವವರು. ಅವರಲ್ಲಿ ಒಬ್ಬರು ಹೆಡ್ ಮೇಡಂ.

ಅಲ್ಲಿಂದ ಮೇಷ್ಟ್ರಿಗೂ ಹೆಡ್ ಮೇಡಂಗೂ ಮಾತು ನಿಂತಿತು. ಹಾಜರಿ, ರಜೆ, ಸೀಮೆಸುಣ್ಣ, ಇಷ್ಟೇ. ನಾಲ್ಕು ತಿಂಗಳು ಹೀಗೆ ಹೋಯಿತು. ಆಮೇಲೆ ಆ ಮಂಗಳವಾರ ಬಂತು.

ಮಂತ್ರಿಗಳ ಗಲಾಟೆ ಅದಾದ ಮೇಲಿನದು. ಯಾರೋ ಶಾಸಕರ ಮೊಮ್ಮಗ ರಜೆಯ ದಿನ ಗೀಟು ಎಳೆದು, ನೆಂಟರು ತುಂಬಿದ್ದ ಮನೆಯಲ್ಲಿ, ತಾತ ಎರಡು ಸಲ ಎದ್ದರು, ಎರಡೂ ಸಲ ಫೋನಿಗೆ ಎಂದು ಓದಿ ಹೇಳಿದನಂತೆ. ನಿಜವೋ ಸುಳ್ಳೋ, ಜನ ಹೀಗೆ ಹೇಳಿ ನಕ್ಕರು. ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು. ಹೊಸ ಮಂತ್ರಿ ಮೈಕಿನ ಮುಂದೆ ನಿಂತು, ತಾಯಿಯ ದುಡಿಮೆಯನ್ನು ಎಣಿಸುವುದು ತಾಯಿಗೆ ಮಾಡುವ ಅವಮಾನ, ಇಂಥ ಪಾಠ ಸಂಸಾರ ಒಡೆಯುತ್ತದೆ ಎಂದರು. ಮುಂದಿನ ವರ್ಷ ಹೊಸ ಪುಸ್ತಕ. ಅಲ್ಲಿಯವರೆಗೆ ಆ ಪಾಠ ಯಾರ ಕಣ್ಣಿಗೂ ಬೀಳಬಾರದು.

ಅವಳು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಸೋಮವಾರ ಹೆಡ್ ಮೇಡಂ ಕರೆದರು. ಮೇಜಿನ ಮೇಲೆ ಬಿಳಿ ಹಾಳೆಯ ಕಟ್ಟು, ಕತ್ತರಿ, ಅಂಟಿನ ಡಬ್ಬಿ.

"ನೋಡಮ್ಮ. ನಾಲ್ಕನೇ ಕ್ಲಾಸಿನ ಪುಸ್ತಕ ಎಲ್ಲ ವಾಪಸ್ ತರಿಸಿದ್ದೀನಿ. ಹಳೇ ವರ್ಷದ್ದೂ ಸೇರಿ ಎಂಬತ್ತಮೂರು. ಒಂಬತ್ತನೇ ಪಾಠ, ನಾಲ್ಕು ಪುಟ. ಅದರ ಮೇಲೆ ಹಾಳೆ ಅಂಟಿಸಬೇಕು. ಗುರುವಾರ ಶಿಕ್ಷಣ ಕಚೇರಿಯ ಸಾಹೇಬರು ಬಂದು ನೋಡ್ತಾರೆ."

ಹೇಳುವಾಗ ಅವರು ಅವಳ ಮುಖ ನೋಡಲಿಲ್ಲ. ಕತ್ತರಿಗೆ ಹೇಳಿದರು.

ಅವಳು ಎಲ್ಲವನ್ನೂ ಎತ್ತಿಕೊಂಡು ಉಗ್ರಾಣದ ಕೋಣೆಗೆ ಹೋದಳು. ಮುರಿದ ಬೆಂಚು, ಹಳೆಯ ಭೂಪಟ, ಚೆಂಡಿನ ಬಲೆ ಇಡುವ ಕೋಣೆ. ಅದು ಯಾರ ಪಾಠ ಎಂದು ಅವಳಿಗೆ ಗೊತ್ತು ಎನ್ನುವುದು ಹೆಡ್ ಮೇಡಂಗೂ ಗೊತ್ತು.  ಹಾಳೆ ಕತ್ತರಿಸಲು ಶುರು ಮಾಡಿದಳು. ದರ್ಜಿಯ ಮಗಳು, ಕತ್ತರಿ ಸೀದಾ ಓಡುತ್ತದೆ. ಸಂಜೆಗೆ ಮುನ್ನೂರ ಮೂವತ್ತೆರಡು ಹಾಳೆ ಸಿದ್ಧ. ಒಂದೂ ಅಂಟಿಸಲಿಲ್ಲ.

ಮಂಗಳವಾರ ಡಬ್ಬಿಯ ಅಂಟು ಒಣಗಿದೆ ಎಂದಳು. ಹಿಟ್ಟು ಕುದಿಸಿ ಅಂಟು ಮಾಡಿದಳು, ಗಂಟಾಯಿತು, ಚೆಲ್ಲಿದಳು. ಮತ್ತೆ ಕುದಿಸಿದಳು, ನೀರಾಯಿತು, ಚೆಲ್ಲಿದಳು. ನಡುವೆ ವರಾಂಡ ಗುಡಿಸಿದಳು. ಹಿಟ್ಟಿನ ಅಂಟು ಮಾಡಲು ಅವಳಿಗೆ ಬರುವುದಿಲ್ಲ ಎಂದರೆ ಮೀನಿಗೆ ಈಜು ಬರುವುದಿಲ್ಲ ಎಂದ ಹಾಗೆ.

ಆ ಸಂಜೆ ಒಂದು ಪುಸ್ತಕವನ್ನು ಸೆರಗಿನ ಮರೆಯಲ್ಲಿ ಮನೆಗೆ ತಂದಳು. ಅತ್ತೆ ಬಾಗಿಲಲ್ಲೇ ಕೂತಿದ್ದರು. ಅವರ ಕಣ್ಣಿನಿಂದ ಏನೂ ತಪ್ಪಿಸಿಕೊಳ್ಳುವುದಿಲ್ಲ, ಅಕ್ಷರ ಬಿಟ್ಟು.

"ಏನದು ಹೊಟ್ಟೇಲಿ? ಈ ವಯಸ್ಸಿಗೆ ಬಸುರಿ ಆದ್ಯಾ?"

"ಪುಸ್ತಕ, ಅತ್ತೆ. ನಿಮ್ಮ ಮಗ ಬರೆದದ್ದು. ಮುಚ್ಚಬೇಕಂತೆ."

"ಮುಚ್ಚೋ ಮೊದಲು ಓದು. ನಂಗ್ಯಾರೂ ಓದಿ ಹೇಳಲೇ ಇಲ್ಲ."

ಅವಳೂ ಪೂರ್ತಿ ಓದಿರಲಿಲ್ಲ. ಅವರು ಇದ್ದಾಗ ಬಾಯಲ್ಲೇ ಹೇಳುತ್ತಿದ್ದರು, ಓದುವ ಅಗತ್ಯ ಬೀಳಲಿಲ್ಲ. ಹೋದ ಮೇಲೆ ಧೈರ್ಯ ಬರಲಿಲ್ಲ. ಈಗ ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ಓದಿದಳು. ನಾಲ್ಕು ಪುಟಕ್ಕೆ ಅರ್ಧ ಗಂಟೆ ಹಿಡಿಯಿತು, ನಡುವೆ ಮೂರು ಸಲ ಎದ್ದಳು. ಕೊನೆಯಲ್ಲಿ ಮಕ್ಕಳಿಗೆ ಐದು ಪ್ರಶ್ನೆ. ಐದನೆಯದು: ನೀನು ಕೂತು ಎಣಿಸುತ್ತಿದ್ದಾಗ, ನೀನು ಎಷ್ಟು ಸಲ ಎದ್ದೆ?

ಅವಳು ಬೆರಳು ತೆಗೆಯಲಿಲ್ಲ.

ಅತ್ತೆ ಸೊಂಟ ಹಿಡಿದುಕೊಂಡು ನಕ್ಕರು. "ಇದು ಅವನ ಮಾತಲ್ಲ, ನಿಂದು. ಸೌಟು ಹಿಡ್ಕೊಂಡು ಕಿರುಚಿದ್ದು ನಾನೂ ಕೇಳಿಸ್ಕೊಂಡಿದ್ದೆ. ನನ್ನ ಮಗನಿಗೆ ಅಷ್ಟು ಬುದ್ಧಿ ಎಲ್ಲಿ ಬರಬೇಕು!" ನಗು ಅಳುವಾಗಲು ಹೊತ್ತು ಹಿಡಿಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, "ನಾಳೆ ಅಂಟಿಸಿಬಿಡು" ಎಂದರು.

"ಅಂಟಿಸಲಾ?"

"ಮತ್ತೇನು? ಪಾಠ ಹೋದ್ರೆ ಹೋಗ್ಲಿ. ನಿನ್ನ ಕೆಲಸ ಹೋದ್ರೆ ನಾವಿಬ್ಬರೂ ಮಂತ್ರಿ ಮನೆ ಮುಂದೆ ಕೂರಬೇಕು."

"ನನಗೆ ಕೂರೋಕೆ ಬರಲ್ಲ ಅತ್ತೆ."

"ಅದೇ ಕಷ್ಟ ನಿಂದು."

ಅತ್ತೆಯ ಮಾತಿನಲ್ಲಿ ತಪ್ಪಿರಲಿಲ್ಲ. ಕೆಲಸಕ್ಕೆ ಸೇರಿದವರಿಗೆ ಮೊದಲ ವರ್ಷ ಪರೀಕ್ಷೆಯ ವರ್ಷ. ಅದು ಮುಗಿದ ಮೇಲೆ ಹೆಡ್ ಮೇಡಂ ಮತ್ತು ಸಾಹೇಬರು ಇಬ್ಬರೂ "ತೃಪ್ತಿಕರ" ಎಂದು ಬರೆದರೆ ಮಾತ್ರ ಕೆಲಸ ಗಟ್ಟಿ. ಇನ್ನೂ ಎಂಟು ತಿಂಗಳಿತ್ತು. ಅವಳ ಮುಂದೆ ಇದ್ದದ್ದು ಇಷ್ಟೇ: ತನ್ನ ಕೈಯಾರೆ ಗಂಡನ ಪಾಠಕ್ಕೆ ಹಾಳೆ ಅಂಟಿಸುವುದು, ಇಲ್ಲವೇ ಅನ್ನದ ದಾರಿ ಕಳೆದುಕೊಳ್ಳುವುದು.

ಬುಧವಾರ ಅಂಟು ಸರಿಯಾಗಿ ಬಂತು. ಇನ್ನು ನೆಪ ಉಳಿಯಲಿಲ್ಲ. ಮೊದಲ ಪುಸ್ತಕ ತೆರೆದು, ಹಾಳೆಗೆ ಅಂಟು ಸವರಿ, ಮೇಲೆ ಹಿಡಿದಳು. ಹಿಡಿದೇ ಇದ್ದಳು. ಅಂಟು ಮೊಣಕೈವರೆಗೂ ಇಳಿಯಿತು. ಹೆಡ್ ಮೇಡಂ ಬಂದು ಬಾಗಿಲಲ್ಲಿ ನಿಂತದ್ದು ಅವಳಿಗೆ ತಿಳಿಯಲಿಲ್ಲ.

"ಎಷ್ಟಾಯ್ತಮ್ಮ?"

"ಒಂದೂ ಇಲ್ಲ."

ಹೆಡ್ ಮೇಡಂ ಒಳಗೆ ಬಂದು ಬಾಗಿಲು ಎಳೆದುಕೊಂಡರು. ಮುರಿದ ಬೆಂಚಿನ ಗಟ್ಟಿ ತುದಿ ಹುಡುಕಿ ಕೂತರು. "ಅತ್ತಿಗೆ" ಎಂದರು.

ಅವಳು ತಿರುಗಿದಳು. "ನೀವು ಆ ಪ್ರಶ್ನೆ ಯಾಕೆ ಹಾಕಿದ್ರಿ? ಮಂತ್ರಿಗೆ ತಿಳೀದು, ಬಿಡಿ. ನಿಮಗೆ ತಿಳೀತಿತ್ತು. ಅವರ ಜೊತೆ ಹದಿನೆಂಟು ವರ್ಷ ಪಾಠ ಮಾಡಿದೋರು ನೀವು."

"ಆ ವರ್ಷ ತಪಾಸಣೆಗೆ ಅಂತ ನಾನು ನಲವತ್ತು ಶಾಲೆ ತಿರುಗಿ ಬಂದೆ ಅತ್ತಿಗೆ. ಎಷ್ಟು ಶಾಲೆಲಿ ಆ ಪಾಠ ಮಾಡಿದ್ರು ಗೊತ್ತಾ? ಮೂರು. ಉಳಿದವರೆಲ್ಲ ಪರೀಕ್ಷೆಗೆ ಬರಲ್ಲ ಅಂತ ಹಾರಿಸಿದ್ರು. ಪ್ರಶ್ನೆ ಹಾಕಿದ್ರೆ ಮಾಡೇ ಮಾಡ್ತಾರೆ ಅಂದ್ಕೊಂಡೆ. ಒಳ್ಳೇದಾಗ್ಲಿ ಅಂತಲೇ ಮಾಡಿದ್ದು."

"ಆಮೇಲೆ ಮಾಡಿದ್ರಾ?"

"ಮಾಡಿದ್ರು." ಹೆಡ್ ಮೇಡಂ ಹಣೆ ತಿಕ್ಕಿಕೊಂಡರು. "ಅಮ್ಮ ಅರವತ್ತೊಂದು, ಅಜ್ಜಿ ಹನ್ನೆರಡು, ಅಪ್ಪ ಏಳು ಅಂತ ಮಗ್ಗಿ ಥರ ಬಾಯಿಪಾಠ ಮಾಡಿಸಿದ್ರು."

"ಅಂದ್ರೆ ಮಂತ್ರಿ ಕೈ ಹಾಕೋ ಮೊದಲೇ ನೀವು ಮುಗಿಸಿಬಿಟ್ಟಿದ್ರಿ."

ಹೆಡ್ ಮೇಡಂ ಎದ್ದು ಸೀರೆಯ ಧೂಳು ಕೊಡವಿಕೊಂಡರು. ಬಾಗಿಲ ಹತ್ತಿರ ಹೋಗಿ, "ಅವರಿಗೆ ಇದನ್ನ ಹೇಳಬೇಕು ಅಂತಿದ್ದೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂತಾನೇ..." ಎಂದು ಅಲ್ಲಿಗೇ ಬಿಟ್ಟು ಹೋದರು.

ಅವಳಿಗೆ ಸಿಟ್ಟು ಬಂತು. ಸಿಟ್ಟು ಹೆಡ್ ಮೇಡಂ ಮೇಲೋ, ಮಂತ್ರಿ ಮೇಲೋ, ಒಂದು ಮಾತೂ ಹೇಳದೆ ಹೋದವರ ಮೇಲೋ, ಅವಳಿಗೇ ತಿಳಿಯಲಿಲ್ಲ. ಕೋಣೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದಳು. ಬೈಯಲು ಯಾರೂ ಸಿಕ್ಕಲಿಲ್ಲ. ಇದನ್ನು ಮಾಡು ಎಂದವರು ಯಾರು ಎಂದು ಹುಡುಕಿದರೆ ಹೆಡ್ ಮೇಡಂ ಸಾಹೇಬರನ್ನು ತೋರಿಸುತ್ತಾರೆ, ಸಾಹೇಬರು ಇನ್ನೊಬ್ಬ ಸಾಹೇಬರನ್ನು ತೋರಿಸುತ್ತಾರೆ. ಕೊನೆಗೆ ಅಂಟು ಇರುವುದು ಅವಳ ಕೈಯಲ್ಲಿ ಮಾತ್ರ.

ಗುರುವಾರ ಬೆಳಗ್ಗೆ ಹತ್ತಕ್ಕೆ ಸಾಹೇಬರ ಜೀಪು ಬಂತು. ಉಗ್ರಾಣದಲ್ಲಿ ಎಂಬತ್ತಮೂರು ಪುಸ್ತಕ ಜೋಡಿಸಿಟ್ಟಿತ್ತು. ಸಾಹೇಬರು ಮೇಲಿನದನ್ನು ತೆಗೆದು ಬಿಡಿಸಿದರು. ಅಮ್ಮ ಅರವತ್ತೊಂದು ಹಾಗೇ ಇತ್ತು. ಎರಡನೆಯದು ತೆಗೆದರು. ಅದರಲ್ಲೂ ಇತ್ತು.

"ಏನ್ ಮೇಡಂ ಇದು?"

ಹೆಡ್ ಮೇಡಂ ಬಾಯಿ ತೆರೆಯುವ ಮೊದಲೇ ಅವಳು ಟಪಾಲು ಪುಸ್ತಕ ಮುಂದೆ ಹಿಡಿದಳು. ಶಾಲೆಯಿಂದ ಕಚೇರಿಗೆ, ಕಚೇರಿಯಿಂದ ಶಾಲೆಗೆ ಕಾಗದ ಒಯ್ಯುವುದೂ ಅವಳ ಕೆಲಸ. ಯಾವ ಕಾಗದವೇ ಇರಲಿ, ಕೊಟ್ಟವರದ್ದು, ತೆಗೆದುಕೊಂಡವರದ್ದು ಎರಡೂ ಸಹಿ ಆ ಪುಸ್ತಕದಲ್ಲಿ ಬೀಳಬೇಕು. ಸೇರಿದ ಮೊದಲ ವಾರ ಒಂದು ಲಕೋಟೆಯನ್ನು ಸಹಿ ಇಲ್ಲದೆ ಕೊಟ್ಟು ಬಂದಿದ್ದಳು. ಇದೇ ಸಾಹೇಬರು ಎಲ್ಲರ ಮುಂದೆ, "ಸಹಿ ಇಲ್ಲ ಅಂದ್ರೆ ಕೆಲಸವೇ ಆಗಿಲ್ಲ ಅಂತ ಅರ್ಥ, ತಿಳ್ಕೊಳ್ಳಮ್ಮ" ಎಂದು ಬೈದಿದ್ದರು. ಅವಳು ತಿಳಿದುಕೊಂಡಿದ್ದಳು.

ಪುಟದಲ್ಲಿ ಅವಳ ದಪ್ಪ ದಪ್ಪ ಅಕ್ಷರ: ನಾಲ್ಕನೇ ಕ್ಲಾಸಿನ ಪುಸ್ತಕ 83. ಒಂಬತ್ತನೇ ಪಾಠ ಮುಚ್ಚುವುದು. ಮುಚ್ಚಲು ಹೇಳಿದವರ ಸಹಿ. ಅದರ ಮುಂದೆ ಖಾಲಿ ಜಾಗ.

"ಇಲ್ಲಿ ಹಾಕಿ ಸಾರ್. ಹಾಕಿದ ತಕ್ಷಣ ಶುರು ಮಾಡ್ತೀನಿ. ಅಂಟು ಬಿಸಿ ಇದೆ."

"ನಾನ್ಯಾಕೆ ಹಾಕ್ಲಿ? ಇದು ಸರ್ಕಾರ ಹೇಳಿರೋದು."

"ಸರ್ಕಾರದ ಕೈ ನಾನು ನೋಡಿಲ್ಲ ಸಾರ್. ಯಾರಾದ್ರೂ ಮನುಷ್ಯರು ಹಾಕಬೇಕು."

"ಆರ್ಡರ್ ಫೋನಲ್ಲಿ ಬಂದಿದೆ."

"ಹಾಗಾದ್ರೆ ಫೋನಲ್ಲಿ ಹೇಳಿದೋರು ಹಾಕ್ಲಿ."

ಸಾಹೇಬರು ಹೆಡ್ ಮೇಡಂ ಕಡೆ ತಿರುಗಿದರು. "ನೀವು ಹಾಕಿ ಮೇಡಂ, ಮುಗಿಸಿ. ನನಗಿನ್ನೂ ನಾಲ್ಕು ಶಾಲೆ ಇದೆ."

ಹೆಡ್ ಮೇಡಂ ಪೆನ್ನು ತೆಗೆದರು. ಕ್ಯಾಪು ಬಿಚ್ಚಿದರು. ಪುಟವನ್ನು ನೋಡಿದರು. ಮತ್ತೆ ಕ್ಯಾಪು ಹಾಕಿದರು. "ಈ ಪಾಠದ ವಿಷಯದಲ್ಲಿ ನಾನು ಒಂದು ಸಲ ಸಹಿ ಹಾಕಿದ್ದೀನಿ ಸಾರ್, ಪ್ರಶ್ನೆಪತ್ರಿಕೆಗೆ. ಇನ್ನೊಂದು ಸಲ ಆಗಲ್ಲ. ಬರಹದಲ್ಲಿ ಕೊಡಿಸಿ."

ಸಾಹೇಬರ ಕಿವಿ ಕೆಂಪಾಯಿತು. ವರಾಂಡಕ್ಕೆ ಹೋಗಿ ಫೋನು ಮಾಡಿದರು. ಒಳಗೆ ಎಲ್ಲ ಕೇಳಿಸುತ್ತಿತ್ತು. "ಬರಹದಲ್ಲಿ ಬೇಕಂತೆ ಸಾರ್... ಇಲ್ಲ ಸಾರ್, ಸಂಘದವರಲ್ಲ... ಪತ್ರಿಕೆಯವರೂ ಅಲ್ಲ... ಆಯಮ್ಮ ಸಾರ್... ಆಯಮ್ಮ... ಕಸ ಗುಡಿಸ್ತಾರಲ್ಲ ಸಾರ್, ಅವರು." ಆಮೇಲೆ ಬಹಳ ಹೊತ್ತು "ಸರಿ ಸಾರ್" ಮಾತ್ರ.

ವಾಪಸ್ ಬಂದು ಅವಳ ಎದುರು ನಿಂತರು. "ನಿಂದು ಮೊದಲ ವರ್ಷ ಅಲ್ವಾ?"

"ಹೌದು ಸಾರ್."

"ತೃಪ್ತಿಕರ ಅಂತ ಬರೀಬೇಕಾದವನು ನಾನು. ನೆನಪಿರ್ಲಿ."

"ಬರೀದೆ ಇದ್ರೂ ಸರಿ ಸಾರ್. ಏನು ಬರೆದ್ರೂ ಕೆಳಗೆ ಸಹಿ ಹಾಕ್ತೀರಲ್ಲ, ಅಷ್ಟು ಸಾಕು."

ಟಪಾಲು ಪುಸ್ತಕವನ್ನು ಮತ್ತೆ ಮುಂದೆ ಹಿಡಿದಳು. 

"ಮಧ್ಯಾಹ್ನದೊಳಗೆ ಆರ್ಡರ್ ಕೊಟ್ಟು ಆಳು ಕಳಿಸ್ತೀನಿ" ಎಂದರು ಸಾಹೇಬರು. "ಆಗೇನು ಮಾಡ್ತೀಯ?"

"ಸಹಿ ಹಾಕಿ ತಗೋತೀನಿ. ಸಂಜೆಯೊಳಗೆ ಅಷ್ಟನ್ನೂ ಅಂಟಿಸ್ತೀನಿ. ನನ್ನ ಕೆಲಸ ಅದು."

ಜೀಪು ಹೋಯಿತು. ಹೆಡ್ ಮೇಡಂ ಗಡಿಯಾರ ನೋಡಿದರು. ಹತ್ತೂ ನಲವತ್ತು. "ಮಧ್ಯಾಹ್ನದವರೆಗೂ ಪುಸ್ತಕ ಇಲ್ಲಿ ಬಿದ್ದಿರೋದು ಯಾಕೆ?" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ತಮ್ಮ ಕೋಣೆಗೆ ಹೋದರು.

ಅವಳು ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ನಾಲ್ಕನೇ ಕ್ಲಾಸಿಗೆ ಓಡಿದಳು. ಎರಡು ಸಲ ಹೊತ್ತಳು. ಮೇಷ್ಟ್ರ ಜಾಗಕ್ಕೆ ಬಂದ ಹೊಸ ಟೀಚರಮ್ಮ ಬೋರ್ಡಿನ ಮೇಲೆ ಅಳತೆಯ ಪಾಠ ಬರೆಯುತ್ತಿದ್ದಳು. ಇಪ್ಪತ್ತನಾಲ್ಕರ ಹುಡುಗಿ. ಆ ಹುಡುಗಿ ಮೇಷ್ಟ್ರ ಕುರ್ಚಿಯಲ್ಲಿ ಕೂತರೆ ಆಯಮ್ಮ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಇವತ್ತು ತಿರುಗಿಸಲಿಲ್ಲ.

"ಟೀಚರ್, ಒಂಬತ್ತನೇ ಪಾಠ ಮಾಡಿ."

"ನಾವಿನ್ನೂ ನಾಲ್ಕರಲ್ಲಿದ್ದೀವಿ ಅಮ್ಮ. ಕ್ರಮವಾಗಿ ಹೋಗಬೇಕು."

"ಕ್ರಮ ಜೀಪಲ್ಲಿ ಬರ್ತಾ ಇದೆ. ನಾಲ್ಕು, ಐದು ಆಮೇಲೆ ಇರುತ್ತೆ. ಒಂಬತ್ತು ಇರಲ್ಲ."

ಟೀಚರಮ್ಮ ಸೀಮೆಸುಣ್ಣ ಕೆಳಗಿಟ್ಟಳು. ಧ್ವನಿ ಇಳಿಸಿದಳು. "ಮೊದಲು ಮಂತ್ರಿ ಹೇಳಿದ್ರು, ಆಮೇಲೆ ಸಾಹೇಬರು ಹೇಳಿದ್ರು. ಈಗ ನೀವೂ ಶುರು ಮಾಡಿದ್ರಾ? ಏನು ಪಾಠ ಮಾಡಬೇಕು ಅಂತ ನನ್ನನ್ನ ಯಾರಾದ್ರೂ ಒಂದು ಸಲ ಕೇಳಿದ್ದೀರಾ?"

 ಅದು ಸರಿಯಾದ ಮಾತೇ. ಮೇಷ್ಟ್ರು ಇದ್ದಿದ್ದರೆ ಅವರೂ ಹಾಗೇ ಕೇಳುತ್ತಿದ್ದರು. ಪುಸ್ತಕದ ಕಟ್ಟು ಹಿಡಿದ ಕೈ ನೋಯುತ್ತಿತ್ತು.

"ಕೇಳಿಲ್ಲ" ಎಂದಳು. "ಈಗ ಕೇಳ್ತೀನಿ. ಮಾಡ್ತೀರಾ?"

ಟೀ‌ಚರಮ್ಮ ಮಕ್ಕಳ ಕಡೆ ನೋಡಿದಳು. "ಭಯ ಅಮ್ಮ ನಂಗೆ. ಮೇಷ್ಟ್ರಿಗೆ ಬರ್ತಿತ್ತು. ಉತ್ತರ ಇಲ್ಲದ ಪಾಠ ಹೇಗೆ ಮಾಡೋದು ಅಂತ ನಮಗೆ ಟ್ರೈನಿಂಗಲ್ಲಿ ಹೇಳಿಕೊಟ್ಟಿಲ್ಲ."

"ಇವತ್ತು ಮನೆಗೆ ಹೋಗಿ ಎಣಿಸಿಕೊಂಡು ಬನ್ನಿ ಅನ್ನಿ. ಅಷ್ಟೇ."

"ನಾಳೆ ಬಂದಾಗ ಏನು ಹೇಳ್ಲಿ?"

"ನಾಳೆ ಅವೇ ಹೇಳ್ತವೆ. ನೀವು ಕೇಳಿಸ್ಕೊಳ್ಳಿ."

ಟೀಚರಮ್ಮ  ಡಸ್ಟರ್ ತೆಗೆದುಕೊಂಡು ಅಳತೆಯ ಪಾಠವನ್ನು ಒರೆಸಿದಳು. "ಪುಸ್ತಕ ತಗೊಳ್ಳಿ ಎಲ್ಲರೂ. ಐವತ್ತೆರಡನೇ ಪುಟ. ಮಾದರಿ ನೋಡಬೇಡಿ. ಅದರ ಮೇಲೆ ಕೈ ಇಟ್ಟು ಮುಚ್ಚಿಕೊಳ್ಳಿ."

ಮೂವತ್ತಾರು ಅಂಗೈ ಪುಟದ ಮೇಲೆ ಬಿದ್ದವು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪುಟದಿಂದ ಕೈ ತೆಗೆಯದೆಯೇ, "ಚಕ್ರಮ್ಮ, ನಿಮ್ಮನೇಲಿ ನಿಮ್ಮನ್ನ ಯಾರು ಎಣಿಸ್ತಾರೆ?" ಎಂದಳು.

"ಎಣಿಸೋರು ಹೋದ್ರು."

ಹುಡುಗಿ ತಲೆಯಾಡಿಸಿದಳು, ಊರಿಗೆ ಹೋಗಿದ್ದಾರೆ ಎಂದು ತಿಳಿದುಕೊಂಡ ಹಾಗೆ.

ಅವಳು ಹೊರಗೆ ಬಂದಳು. ಒಳಗೆ ಟೀಚರಮ್ಮನ ಧ್ವನಿ ತಡವರಿಸುತ್ತಾ ಓದುತ್ತಿತ್ತು, ಒಂದು ಸಾಲು ಬಿಟ್ಟು, ಹಿಂದೆ ಹೋಗಿ, ಮತ್ತೆ ಓದಿತು. ಕಚೇರಿಯ ಆಳು ಯಾವ ಹೊತ್ತಿಗಾದರೂ ಬರಬಹುದು. ಅವಳು ಟಪಾಲು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಗೇಟಿಗೆ ಹೋದಳು. ರಸ್ತೆ ನೋಡಿದಳು. ಯಾರೂ ಇರಲಿಲ್ಲ. ಕ್ಲಾಸಿನ ಕಿಟಕಿಗೆ ವಾಪಸ್ ಬಂದಳು. ಇನ್ನೂ ಎರಡನೇ ಪುಟದಲ್ಲಿದ್ದರು. ಬೇಗ ಓದಿ ತಾಯಿ ಎಂದುಕೊಂಡು ಮತ್ತೆ ಗೇಟಿಗೆ ಹೋದಳು.